ಅಧ್ಯಕ್ಷರ ಬಲಗಿವಿ

ಖಾಲಿ ಕುರ್ಚಿಯ ಜೊತೆ ಚರ್ಚೆ ಮಾಡಿ ಸೋತವರು ನಮ್ಮ ಜಿಲ್ಲೆಯಲ್ಲಿ ಬೇರೆ ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬರಲಿ. ನನಗೆ ಗೊತ್ತಿರುವ ಮಟ್ಟಿಗೆ ನಾನೊಬ್ಬಳೇ. ನನ್ನನ್ನು ಸೋಲಿಸಿದ ಕುರ್ಚಿ ಹಸಿರು ಪ್ಲಾಸ್ಟಿಕ್ ವೈರಿನಲ್ಲಿ ಹೆಣೆದದ್ದು. ಒಂದು ಕೈಯ ಹತ್ತಿರ ವೈರು ಕಿತ್ತು ಜೋತುಬಿದ್ದಿತ್ತು. ಅದರ ಯಜಮಾನರು, ನನಗೆ ಚರ್ಚೆ ಕಲಿಸಿದ ಮೇಷ್ಟ್ರು, ಹೋದ ತಿಂಗಳು ತೀರಿಕೊಂಡರು. ಹೈಸ್ಕೂಲಿನ ಸ್ಮರಣ ಸಂಚಿಕೆಗೆ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡು ಎಂದು ಕೇಳಿದ್ದಾರೆ. ಒಳ್ಳೆಯ ಮಾತು ಬರೆಯುವುದು ಕಷ್ಟವಲ್ಲ. ಆದರೆ ಮೇಷ್ಟ್ರಿಗೆ ತೋರಿಸಿದ್ದರೆ ಅವನ್ನೇ ಮೊದಲು ಹೊಡೆದುಹಾಕುತ್ತಿದ್ದರು. “ಹೊಗಳಿಕೆ ವಾದ ಅಲ್ಲ ಮಾರಾಯ್ತಿ, ಪುರಾವೆ ಕೊಡು” ಅನ್ನುವುದು ಅವರ ಮಾತು.

ಪುರಾವೆಯನ್ನೇ ಕೊಡುತ್ತೇನೆ. ಅದಕ್ಕೂ ಮುಂಚೆ ಒಂದು ವಿಷಯ ಸ್ಪಷ್ಟವಾಗಲಿ. ದೆವ್ವ, ಗಾಳಿ, ಪ್ರೇತ ಇವು ಯಾವುದನ್ನೂ ನಾನು ನಂಬುವುದಿಲ್ಲ. ಅವರೂ ನಂಬುತ್ತಿರಲಿಲ್ಲ. ಮುಂದಿನದನ್ನು ಓದುವಾಗ ಇದನ್ನು ಮರೆಯಬೇಡಿ.

ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಅವರ ಮನೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ಸಣಕಲು ಆಸಾಮಿ, ತೊಡುವುದು ಅರ್ಧ ತೋಳಿನ ಅಂಗಿ. ಮಾತಾಡುವಾಗ ಬಲಗೈಯ ಎರಡು ಬೆರಳಲ್ಲಿ ಗಾಳಿಯಿಂದ ಏನನ್ನೋ ಹೆಕ್ಕುವ ಹಾಗೆ ಮಾಡುವ ಅಭ್ಯಾಸ. ಹೈಸ್ಕೂಲು ಮುಗಿಸಿದ ಮೇಲೂ ನಾನು ಚರ್ಚಾಸ್ಪರ್ಧೆಗಳಿಗೆ ಅವರ ಮನೆಯಲ್ಲೇ ತಯಾರಿ ನಡೆಸುತ್ತಿದ್ದೆ. ಶಿವಮೊಗ್ಗದ ಕಾಲೇಜಿನಿಂದ ಬಸ್ಸಿಳಿದು ಸೀದಾ ಅಲ್ಲಿಗೇ ಹೋಗುತ್ತಿದ್ದೆ. ಅವರ ತರಬೇತಿಗೆ ಒಂದು ನಿಯಮವಿತ್ತು. ನಡುಮನೆಯಲ್ಲಿ ಆ ಹಸಿರು ಕುರ್ಚಿ ಖಾಲಿ ಇರಬೇಕು. ಅದು ಎದುರು ಪಕ್ಷದ್ದು. ನಾನು ವಾದ ಮುಗಿಸಿದ ಮೇಲೆ ಅದರ ಕಡೆ ತಿರುಗಿ, ಅದು ಏನು ಹೇಳಬಹುದೋ ಅಷ್ಟನ್ನೂ ಹೇಳಲು ಸಮಯ ಕೊಟ್ಟು, ಅನಂತರವೇ ಉತ್ತರಿಸಬೇಕು. ಮೇಜಿನ ಮೇಲೆ ಹಿತ್ತಾಳೆಯ ಗಂಟೆಯೊಂದಿತ್ತು. ನನ್ನ ಮಾತು ಉದ್ದವಾದರೆ ಅದನ್ನು ಬಾರಿಸುತ್ತಿದ್ದರು. ಕುರ್ಚಿಯ ಸರದಿಯಲ್ಲಿ ಮಾತ್ರ ಎಂದೂ ಬಾರಿಸಿದವರಲ್ಲ.

“ಅದಕ್ಕೆ ಟೈಮ್ ಲಿಮಿಟ್ ಇಲ್ವಾ ಸರ್?” ಎಂದು ಒಮ್ಮೆ ರೇಗಿದ್ದೆ.

“ನಿನ್ನ ಮಾತು ಮುಗಿದ ಮೇಲೆ ಒಂದು ಮೌನ ಬರುತ್ತಲ್ಲ ಲಾಯರಮ್ಮ, ಅದು ನಿಂದಲ್ಲ. ಎದುರು ಪಕ್ಷದ್ದು. ಅದಕ್ಕೆ ಕೈ ಹಾಕಬಾರದು” ಅಂದಿದ್ದರು. ‘ಲಾಯರಮ್ಮ’ ನನ್ನ ವಾದದ ಚಟಕ್ಕೆ ಅವರು ಇಟ್ಟ ಹೆಸರು.

ಒಳ್ಳೆಯ ಬೋಧನಾ ಕ್ರಮ ಅಂದುಕೊಂಡಿದ್ದೆ. ಈಗಲೂ ಹಾಗೆಯೇ ಅಂದುಕೊಂಡಿದ್ದೇನೆ.

ಮನೆಯಲ್ಲಿ ಅವರ ಜೊತೆ ಇದ್ದದ್ದು ಒಂದು ಮೊಲ. ಹಾಲಿನಂಥ ಬಿಳಿ ಮೈ, ಕೆಂಪು ಕಣ್ಣು. ಸಾಕಿದವರು ಅವರ ಹೆಂಡತಿ, ಹೆಸರಿಟ್ಟದ್ದು ಬೆಳ್ಳಿ ಎಂದು. ಆಕೆ ಕಾಯಿಲೆಯಾಗಿ ತೀರಿಕೊಂಡ ಮೇಲೆ ಮೇಷ್ಟ್ರು ಆ ಹೆಸರನ್ನು ಕರೆದದ್ದು ನಾನು ಕೇಳಿಲ್ಲ. ನಮ್ಮ ವಾದ ನಡೆಯುವಾಗ ಮಧ್ಯದಲ್ಲಿ ಗಂಭೀರವಾಗಿ ಕೂತಿರುತ್ತದೆ ಎಂದು ಅದಕ್ಕೆ ‘ಅಧ್ಯಕ್ಷರು’ ಎಂದು ಪಟ್ಟ ಕಟ್ಟಿದ್ದರು. ನಾನು “ಮಾನ್ಯ ಅಧ್ಯಕ್ಷರೇ” ಎಂದು ಶುರುಮಾಡಿದರೆ ಅದು ಕ್ಯಾರೆಟ್ ಸೊಪ್ಪು ಅಗಿಯುವುದನ್ನು ನಿಲ್ಲಿಸಿ ನನ್ನತ್ತ ನೋಡುತ್ತಿತ್ತು. ಸ್ಪರ್ಧೆಗಳಲ್ಲಿ ನಾನು ಕಂಡ ಎಷ್ಟೋ ಅಧ್ಯಕ್ಷರಿಗಿಂತ ವಾಸಿ.

ಒಂದು ಸಂಜೆ ಹೋದರೆ ಮೊಲದ ತಲೆ ಎಡಕ್ಕೆ ವಾಲಿಕೊಂಡಿತ್ತು. ಕತ್ತು ಬಾಗಿದ್ದಲ್ಲ, ಇಡೀ ತಲೆಯೇ ತಿರುಚಿಕೊಂಡಂತಿತ್ತು. ಒಂದು ಕಣ್ಣು ನೆಲಕ್ಕೆ, ಇನ್ನೊಂದು ನೇರ ಸೂರಿಗೆ. ನಡೆಯಲು ಹೋದರೆ ಸುತ್ತು ಹೊಡೆದು ಉರುಳಿ ಬೀಳುತ್ತಿತ್ತು. ಬಿದ್ದಲ್ಲೇ ಹಲ್ಲು ಕಡಿಯುತ್ತಿತ್ತು. ಆ ಸದ್ದು ಇಡೀ ಮನೆಗೆ ಕೇಳುತ್ತಿತ್ತು.

ಪಕ್ಕದ ಮನೆಯ ಸೆಲ್ವಿ ಅಕ್ಕ ಬಾಗಿಲಲ್ಲೇ ನಿಂತು ನೋಡಿದರು. ಅವರ ಗಂಡ ಕಬ್ಬಿಣದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವರು. “ಮೇಷ್ಟ್ರೇ, ಇದು ಗಾಳಿ ಕಾಟ. ನೋಡಿ ಸಾಮಿ, ಯಾರೋ ಮೇಲಿಂದ ಮಾತಾಡ್ತಾ ಇದ್ದ ಹಾಗೆ ಕೇಳ್ತಾ ಕೂತಿದೆ. ಮಂತ್ರ ಹಾಕ್ಸಿ.”

“ಮೊಲಕ್ಕೆ ಮಂತ್ರ ಅರ್ಥ ಆಗುತ್ತೇನ್ರೀ ಅಕ್ಕ?” ಎಂದೆ.

“ನಿಂಗೆ ಎಲ್ಲಾ ತಮಾಷೆ. ಶಾಲೆ ಕಲಿತೋರೆಲ್ಲ ಹಿಂಗೇ.”

ಭದ್ರಾವತಿಯ ದನದ ಡಾಕ್ಟರು ಪ್ರಾಮಾಣಿಕರು. ತಾನು ನೋಡುವುದು ಹಸು ಎಮ್ಮೆ, ಇಷ್ಟು ಸಣ್ಣ ಜೀವಕ್ಕೆ ಎಷ್ಟು ಔಷಧ ಅನ್ನುವುದು ತನಗೆ ತಿಳಿಯದು ಎಂದು ಶಿವಮೊಗ್ಗಕ್ಕೆ ಕಳಿಸಿದರು. ಅಧ್ಯಕ್ಷರನ್ನು ಟವೆಲಿನಲ್ಲಿ ಸುತ್ತಿ, ಹಣ್ಣಿನ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆವು.

“ಏನ್ ಸಾರ್, ಬುಟ್ಟೀಲಿ ಕೋಳಿನಾ?” ಕಂಡಕ್ಟರ್ ಕೇಳಿದ.

“ಅಧ್ಯಕ್ಷರು” ಅಂದರು ಮೇಷ್ಟ್ರು.

ಕಂಡಕ್ಟರ್ ಟವೆಲಿನ ಅಂಚು ಸರಿಸಿದ. ಸೂರಿನತ್ತ ನೆಟ್ಟ ಆ ಒಂದು ಕೆಂಪು ಕಣ್ಣು ನೋಡಿದ್ದೇ ಟವೆಲ್ ಮುಚ್ಚಿಬಿಟ್ಟ. ಶಿವಮೊಗ್ಗ ಬರುವವರೆಗೂ ನಮ್ಮ ಸೀಟಿನ ಕಡೆ ಮತ್ತೆ ಸುಳಿಯಲಿಲ್ಲ.

ಶಿವಮೊಗ್ಗದ ಪಶುವೈದ್ಯೆ ಮೊಲದ ಕಿವಿಯೊಳಗೆ ಸಣ್ಣ ಬೆಳಕು ಬಿಟ್ಟು ನೋಡಿದರು. ಒಳಕಿವಿಗೆ ಸೋಂಕು ತಗುಲಿದೆ, ಅದಕ್ಕೇ ಲೋಕವೆಲ್ಲ ಅದಕ್ಕೆ ಓರೆಯಾಗಿ ಕಾಣುತ್ತಿದೆ ಅಂದರು. ಔಷಧವನ್ನು ಬಾಯಿಗೆ ಹಾಕಬೇಕು, ವಾರಗಟ್ಟಲೆ, ಒಂದು ಹೊತ್ತೂ ತಪ್ಪಬಾರದು. ತಾನಾಗಿ ತಿನ್ನದಿದ್ದರೆ ಸೊಪ್ಪು ರುಬ್ಬಿ ತಿನ್ನಿಸಬೇಕು. ಮೊಲದ ಹೊಟ್ಟೆ ನಿಂತರೆ ಮೊಲವೇ ನಿಂತ ಹಾಗೆ. ಬದುಕಿದರೂ ತಲೆ ಪೂರ್ತಿ ನೆಟ್ಟಗಾಗುತ್ತದೆ ಎಂದು ಹೇಳಲಾರೆ ಅಂದರು. ಬಸ್ ಸ್ಟ್ಯಾಂಡಿನಲ್ಲಿ ಸೆಲ್ವಿ ಅಕ್ಕನ ಗಾಳಿ ನೆನೆದು ನಾನು ನಕ್ಕೆ. ಮೇಷ್ಟ್ರು ನಗಲಿಲ್ಲ. “ಕೊಡಬೇಕು ಅಂತ ಡಾಕ್ಟರ್ ಹೇಳಿದ್ರು. ಬೇಕಾ ಅಂತ ಅಧ್ಯಕ್ಷರನ್ನ ಯಾರು ಕೇಳಿದ್ರು?” ಅಂದರು.

ಆ ಮಾತು ಆಗ ನನಗೆ ಹುಡುಗಾಟದಂತೆ ಕೇಳಿಸಿತು.

ಔಷಧ ಕೊಡುವ ಕೆಲಸಕ್ಕೆ ಎರಡು ಜೊತೆ ಕೈ ಬೇಕು. ಟವೆಲ್ ಸುತ್ತಿ ಎದೆಗೆ ಒತ್ತಿ ಹಿಡಿಯುವುದು ನಾನು. ಸೂಜಿ ತೆಗೆದ ಸಿರಿಂಜನ್ನು ಮುಂಹಲ್ಲಿನ ಪಕ್ಕದಿಂದ ತೂರಿಸಿ ಹನಿ ಹನಿಯಾಗಿ ಬಿಡುವುದು ಮೇಷ್ಟ್ರು. ಬೇಗ ಬಿಟ್ಟರೆ ಶ್ವಾಸಕ್ಕೆ ಹೋಗುತ್ತದೆ. ನನ್ನ ಅಂಗೈ ಕೆಳಗೆ ಅದರ ಎದೆ ಹೊಲಿಗೆ ಮಷೀನಿನ ಹಾಗೆ ಬಡಿದುಕೊಳ್ಳುತ್ತಿತ್ತು. ಬೆಳಿಗ್ಗೆ ನನ್ನ ಕಾಲೇಜಿನ ಬಸ್ಸಿಗೆ ಮುಂಚೆ ಒಂದು ಸಲ, ವಾಪಸ್ಸು ಬಂದು ಕಾರ್ಖಾನೆಯ ಮಧ್ಯಾಹ್ನದ ಶಿಫ್ಟ್ ಸೈರನ್ ಆದ ಮೇಲೆ ಒಂದು ಸಲ. ಪ್ರತಿ ಸಲವೂ ಸಿರಿಂಜ್ ಎತ್ತುವ ಮುಂಚೆ ಮೇಷ್ಟ್ರು ಖಾಲಿ ಕುರ್ಚಿಯ ಕಡೆ ತಿರುಗಿ ಕೇಳುತ್ತಿದ್ದರು: “ಕೊಡಲಾ?”

ಆಮೇಲೆ ಕಾಯುತ್ತಿದ್ದರು.

ಆಮೇಲೆ ಉತ್ತರ ಕೊಡುತ್ತಿದ್ದರು. “ಕಹಿ ಅಂತ ಗೊತ್ತು. ಆದ್ರೂ ಕಹಿ ಒಂದೇ ಕಾರಣ ಸಾಲಲ್ಲ.” ಮತ್ತೆ ಮೌನ. “ಹೌದು, ಹೆದರಿಕೆ ಆಗುತ್ತೆ. ಒಪ್ಕೊಂಡೆ.” ಮತ್ತೆ ಮೌನ. “ಸರಿ. ಇವತ್ತು ನಿಧಾನಕ್ಕೆ ಬಿಡ್ತೀನಿ.”

ಚರ್ಚೆಯಲ್ಲಿ ಪಳಗಿದವರಿಗೆ ಒಂದು ಕೆಟ್ಟ ಚಟವಿರುತ್ತದೆ. ಒಬ್ಬರ ಉತ್ತರ ಕೇಳಿದರೆ ಸಾಕು, ಎದುರಿನವರು ಏನು ಹೇಳಿರಬೇಕು ಎಂದು ಮನಸ್ಸು ತಾನೇ ಕಟ್ಟಿಕೊಳ್ಳುತ್ತದೆ. ಒಂದು ಪಕ್ಷದ ಮಾತು ಮಾತ್ರ ಕೇಳುತ್ತ ಕೂತವಳಿಗೆ ಇನ್ನೊಂದು ಪಕ್ಷದ ವಾದವೂ ಪೂರ್ತಿ ಸಿಗತೊಡಗಿತು. ಚಿಕ್ಕ ಮಾತುಗಳು, ಅವಸರವಿಲ್ಲದವು. ಮೇಷ್ಟ್ರ ಶೈಲಿಯಲ್ಲ ಅದು. ಮೇಷ್ಟ್ರು ಉಪವಾಕ್ಯಗಳ ಮನುಷ್ಯ. ಎದುರು ಪಕ್ಷ ಹೇಳುವುದು ಒಂದೊಂದೇ ಮಾತು. ಎಷ್ಟೋ ಸಲ ಮೇಷ್ಟ್ರಿಗೆ ಉತ್ತರ ಹೊಳೆಯದೆ ಎರಡು ಬೆರಳು ಗಾಳಿಯಲ್ಲಿ ಹಾಗೇ ನಿಂತುಬಿಡುತ್ತಿದ್ದವು.

ನಾನು ಗಮನಿಸಿದ ಇನ್ನೊಂದು ಸಂಗತಿ ಅಧ್ಯಕ್ಷರ ಬಲಗಿವಿ. ಎಡಗಿವಿ ಸೋಂಕಿನಿಂದ ಜೋತುಬಿದ್ದಿತ್ತು, ಬಲಗಿವಿ ಮಾತ್ರ ಚುರುಕು. ನಾನು ಮಾತಾಡಿದರೆ ನನ್ನ ಕಡೆ ತಿರುಗುತ್ತಿತ್ತು, ಮೇಷ್ಟ್ರು ಮಾತಾಡಿದರೆ ಅವರ ಕಡೆ. ಯಾರೂ ಮಾತಾಡದೆ ಇದ್ದಾಗ ಕುರ್ಚಿಯ ಕಡೆ. ಮೇಷ್ಟ್ರು ಮತ್ತೆ ಬಾಯಿ ತೆರೆಯುವುದಕ್ಕೆ ಒಂದು ಕ್ಷಣ ಮುಂಚೆ ಅವರತ್ತ ಮರಳುತ್ತಿತ್ತು. ಅಲ್ಲಿಯ ಮಾತು ಮುಗಿಯಿತು ಅನ್ನುವ ಹಾಗೆ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಬಿಸಿಲೇರಿದರೆ ಪ್ಲಾಸ್ಟಿಕ್ ವೈರು ಹಿಗ್ಗಿ ಕಿರ್ರ್ ಅನ್ನುತ್ತದೆ. ಮಾತಿಗೆ ಮುಂಚೆ ಮನುಷ್ಯ ಉಸಿರೆಳೆದುಕೊಳ್ಳುತ್ತಾನೆ, ಮೊಲಕ್ಕೆ ಅದು ಕೇಳಿಸುತ್ತದೆ. ಮುಗಿಯಿತು. ಆದರೂ ಪರೀಕ್ಷೆ ಮಾಡದ ವಾದ ವಾದವಲ್ಲವಲ್ಲ.

ಒಂದು ಮಧ್ಯಾಹ್ನ ಮೇಷ್ಟ್ರು ಅಡುಗೆಮನೆಯಲ್ಲಿ ಕಾಫಿಗೆ ಹಾಲು ಕಾಯಿಸುತ್ತಿದ್ದರು. ನಾನು ಕುರ್ಚಿಯನ್ನು ಎತ್ತಿ ಬಾಗಿಲ ಹಿಂದೆ ಇಟ್ಟೆ. ಮೊಲವನ್ನು ಟವೆಲಿನಲ್ಲಿ ಹಿಡಿದು ನೆಲದ ಮೇಲೆ ಕೂತೆ. ನನ್ನ ಲೆಕ್ಕ ಸರಳ. ಕಿವಿ ಹಳೆಯ ಜಾಗಕ್ಕೆ ತಿರುಗಿದರೆ ಅಭ್ಯಾಸ, ಬಾಗಿಲ ಕಡೆ ತಿರುಗಿದರೆ ವೈರಿನ ಸದ್ದು. ಎರಡರಲ್ಲಿ ಯಾವುದಾದರೂ ಗೆಲುವು ನನ್ನದೇ.

ಅಡುಗೆಮನೆಯಿಂದ ಮೇಷ್ಟ್ರ ದನಿ ಬಂತು: “ಕೊಡಲಾ?”

ಬಲಗಿವಿ ಅಡುಗೆಮನೆಯ ಕಡೆ ಹೋಯಿತು. ಆಮೇಲೆ ಎದ್ದು ನಿಂತು, ನಿಧಾನವಾಗಿ ತಿರುಗಿತು. ಹಳೆಯ ಜಾಗಕ್ಕಲ್ಲ, ಬಾಗಿಲ ಹಿಂದಕ್ಕೂ ಅಲ್ಲ. ನನ್ನ ಎಡ ಭುಜದ ಪಕ್ಕಕ್ಕೆ, ಸ್ವಲ್ಪ ಮೇಲಕ್ಕೆ. ಸೂರು ನೋಡುತ್ತಿದ್ದ ಆ ಕೆಂಪು ಕಣ್ಣೂ ಅಲ್ಲಿಗೇ ನೆಟ್ಟಿತ್ತು.

ನಾನು ತಿರುಗಿ ನೋಡಲಿಲ್ಲ. ಯಾಕೆ ಎಂದು ಕೇಳಿದರೆ ನೋಡಲು ಅಲ್ಲಿ ಏನೂ ಇರಲಿಲ್ಲ ಎಂದು ಉತ್ತರ ಕೊಡುತ್ತೇನೆ. ಅದು ಉತ್ತರವಲ್ಲ ಎಂದು ನನಗೂ ಗೊತ್ತು.

“ಕುರ್ಚಿ ತೆಗೆದ್ಯೇನಮ್ಮಾ?” ಒಳಗಿಂದಲೇ ಮೇಷ್ಟ್ರು ಕೇಳಿದರು. ಸಿಟ್ಟಿಲ್ಲದ, ಮಾಮೂಲಿ ದನಿ. “ಅಲ್ಲೇ ತಂದು ಹಾಕು. ನಿಂತ್ಕೊಂಡಿದಾಳೆ ಅವಳು.”

ಗಾರೆ ನೆಲದ ಮೇಲೆ ಕುರ್ಚಿಯ ಕಾಲು ತಗುಲಿದ್ದು ಅವರಿಗೆ ಕೇಳಿಸಿರಬೇಕು. ನಾನು ಎತ್ತಿಟ್ಟಿದ್ದೆ ನಿಜ, ಇಡುವಾಗಲಾದರೂ ಸದ್ದಾಗಿರಬೇಕು. ಕಿವಿಯ ವಿಷಯಕ್ಕೆ ಬಂದರೆ, ನನ್ನ ಉಸಿರು ಆಗ ಜೋರಾಗಿತ್ತು. ಇದು ನನ್ನ ವಾದ. ಕುರ್ಚಿಯನ್ನು ಮಾತ್ರ ತಕ್ಷಣ ತಂದು ಹಾಕಿದೆ.

ಕಾಫಿ ಕುಡಿಯುತ್ತ ಅವರಾಗಿಯೇ ಹೇಳಿದರು. ಹೆಂಡತಿಯ ಕೊನೆಯ ದಿನಗಳಲ್ಲಿ ಔಷಧದ ಹೊತ್ತಿಗೆಲ್ಲ ಮನೆಯಲ್ಲಿ ಚರ್ಚೆ ನಡೆಯುತ್ತಿತ್ತಂತೆ. ಪ್ರತಿ ಸಲ ಗೆದ್ದವರು ಇವರೇ. “ನನ್ನ ಹತ್ರ ಪಾಯಿಂಟ್ ಇರ್ತಿತ್ತು. ಅವಳ ಹತ್ರ ಏನಿತ್ತು? ಸುಸ್ತು.” ಒಂದು ಮಧ್ಯಾಹ್ನ ಆಕೆ “ಬೇಡ ಅಂತಲ್ಲ, ಆದ್ರೆ...” ಎಂದು ಶುರುಮಾಡಿದರಂತೆ. “ಆದ್ರೆ ಅನ್ನೋ ಪದಕ್ಕೆ ಎಲ್ಲಿ ಹೊಡೀಬೇಕು ಅಂತ ನನಗೆ ಗೊತ್ತಲ್ಲ ಮಾರಾಯ್ತಿ. ಅಲ್ಲೇ ಹೊಡೆದೆ. ಮಾತ್ರೆ ನುಂಗಿದಳು. ಮತ್ತೆ ಆ ವಾಕ್ಯ ಮುಗಿಸ್ಲೇ ಇಲ್ಲ.”

“ಏನು ಹೇಳ್ತಿದ್ರು ಅಂತ ಅನ್ಸುತ್ತೆ ಸರ್?”

“ಅದನ್ನೇ ಕಾಯ್ತಿದೀನಿ. ಅವಳ ಸರದಿ ಬಾಕಿ ಇದೆ.”

ಮೂಲೆಯಲ್ಲಿ ಹಲ್ಲು ಕಡಿಯುವ ಸದ್ದು ಆ ಹೊತ್ತಿಗೆ ನಿಂತಿತ್ತು. ಮೊಲದ ಬಲಗಿವಿ ನಮ್ಮಿಬ್ಬರಲ್ಲಿ ಯಾರ ಕಡೆಗೂ ಇರಲಿಲ್ಲ.

ಈಗ ನಾನು ಸೋತ ದಿನದ ವಿಷಯ. ಊರಿಗೆ ಊರೇ ಬಂದ್. ಬಸ್ಸಿಲ್ಲ, ಮೆಡಿಕಲ್ ಸ್ಟೋರಿನ ಬಾಗಿಲು ತೆರೆದಿಲ್ಲ, ಬಾಟಲಿಯಲ್ಲಿ ಔಷಧ ಮುಗಿದಿದೆ. ಅಧ್ಯಕ್ಷರು ಹಿಂದಿನ ದಿನವಷ್ಟೇ ತಾನಾಗಿ ಒಂದು ಎಸಳು ಗರಿಕೆ ತಿಂದಿದ್ದರು. ಒಂದು ಹೊತ್ತು ತಪ್ಪಿದರೂ ಸೋಂಕು ಮತ್ತೆ ಏರೀತು ಎಂಬ ಭಯ. ಸೆಲ್ವಿ ಅಕ್ಕ ಸೆರಗಿನಡಿ ಒಂದು ಬಾಟಲಿ ತಂದರು. ಎಲ್ಲರ ಮನೆಯ ಕಪಾಟಿನಲ್ಲೂ ಮಗುವಿನ ಜ್ವರ ಬಿಟ್ಟ ಮೇಲೆ ಅರ್ಧ ಉಳಿದಿರುತ್ತದಲ್ಲ, ಆ ಗುಲಾಬಿ ಬಣ್ಣದ ಸಿಹಿ ಸಿರಪ್.

“ನಮ್ಮ ಚಿಕ್ಕವನಿಗೆ ಕಿವಿ ಸೋರೋವಾಗ ಇದೇ ಕೊಟ್ಟಿದ್ದು. ಎರಡೇ ದಿನಕ್ಕೆ ಗುಣ. ಇದಕ್ಕೂ ಕಿವಿ, ಅದಕ್ಕೂ ಕಿವಿ. ಹಾಕಿ ಮೇಷ್ಟ್ರೇ.”

ಮೇಷ್ಟ್ರು ಸಿರಿಂಜಿಗೆ ಎಳೆದುಕೊಂಡರು. ಗಂಟೆಯನ್ನು ಹತ್ತಿರ ಸರಿಸಿ “ಲಾಯರಮ್ಮ, ವಿಷಯ: ಈ ಔಷಧ ಕೊಡಬೇಕು. ನೀನು ಪರ” ಅಂದರು.

ನಾನು ಪರವಾಗಿ ನಿಂತೆ. ಸೋಂಕನ್ನು ಕೊಲ್ಲುವ ಔಷಧವೇ ಇದು. ಎಳೆಗೂಸಿಗೆ ಕೊಡುವಷ್ಟು ಸೌಮ್ಯ. ತೂಕ ನೋಡಿ ಕಡಿಮೆ ಮಾಡಬಹುದು. ಕೊಡದೆ ಇದ್ದರೆ ಅಪಾಯ ಖಂಡಿತ, ಕೊಟ್ಟರೆ ಅಪಾಯ ಬರೀ ಊಹೆ. ಸೆಲ್ವಿ ಅಕ್ಕ “ಕರೆಕ್ಟಾಗಿ ಹೇಳ್ತಾಳೆ ನೋಡಿ” ಎಂದು ಕೈತಟ್ಟಿದರು. ಗಂಟೆ ಬಾರಿಸುವ ಮೊದಲೇ ಮುಗಿಸಿದೆ. ತೀರ್ಪುಗಾರರು ಯಾರೇ ಇದ್ದರೂ ಬಹುಮಾನ ನನಗೇ ಬರುತ್ತಿತ್ತು.

ಮೇಷ್ಟ್ರು ಕುರ್ಚಿಯ ಕಡೆ ತಿರುಗಿದರು.

ಬೀದಿಯಲ್ಲಿ ಒಂದು ಸೈಕಲ್ಲಿನ ಸದ್ದೂ ಇಲ್ಲ. ವೈರು ಕಿರ್ರ್ ಅಂದಿತು, ಯಾರೋ ಮುಂದಕ್ಕೆ ಬಾಗಿ ಕೂತ ಹಾಗೆ. ನನ್ನ ಕೈಯಲ್ಲಿದ್ದ ಮೊಲದ ಬಲಗಿವಿ ಅತ್ತ ತಿರುಗಿತು. ಸೆಲ್ವಿ ಅಕ್ಕ ಒಂದು ಹೆಜ್ಜೆ ಹಿಂದೆ ಸರಿದರು. ಮೇಷ್ಟ್ರ ಮುಖದಲ್ಲಿ ಮೊದಲು ಅಸಹನೆ ಕಂಡಿತು, ಆಮೇಲೆ ಅದು ಕರಗಿತು. ಸಿರಿಂಜನ್ನು ಮೇಜಿನ ಮೇಲಿಟ್ಟರು.

“ವಾದ ನೀನು ಗೆದ್ದೆ. ಔಷಧ ಕೊಡಲ್ಲ.”

“ಅದ್ಹೇಗೆ ಸರ್? ಎದುರು ಪಕ್ಷ ಏನು ಹೇಳ್ತು?”

“ಒಂದೇ ಪ್ರಶ್ನೆ ಕೇಳಿದ್ಲು. ಇದನ್ನ ಕುಡಿದು ಬದುಕಿದ ಮೊಲ ಯಾವುದಾದ್ರೂ ನೋಡಿದೀರಾ ಅಂತ.”

ಪುರಾವೆ ಕೇಳಿದ್ದಳು. ನನ್ನ ಬಳಿ ಇರಲಿಲ್ಲ.

ಆ ಹೊತ್ತು ಬರೀ ಸೊಪ್ಪಿನ ರಸ ಕೊಟ್ಟೆವು. ಬಂದ್ ಮುಗಿದ ಬೆಳಿಗ್ಗೆ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ ವೈದ್ಯೆಗೆ ಆ ಗುಲಾಬಿ ಬಾಟಲಿ ತೋರಿಸಿದೆ. ಆಕೆಯ ಮುಖ ಬಿಳಿಚಿತು. “ಕೊಟ್ರಾ?” ಅಂದರು. ಇಲ್ಲ ಎಂದ ಮೇಲೆ ಕುರ್ಚಿಗೆ ಒರಗಿದರು. “ಕೊಟ್ಟಿದ್ರೆ ಹೋಗಿಬಿಡ್ತಿತ್ತಮ್ಮ. ಮೊಲ ಬದುಕೋದೇ ಹೊಟ್ಟೆಯೊಳಗಿರೋ ಒಳ್ಳೆ ಕ್ರಿಮಿಗಳಿಂದ. ಈ ಔಷಧ ಬಾಯಲ್ಲಿ ಹೋದ್ರೆ ಅವೇ ಮೊದಲು ಸಾಯ್ತವೆ. ಯಾರು ಬೇಡ ಅಂದಿದ್ದು ನಿಮಗೆ?”

ನಾನು “ಮನೆಯವರು” ಅಂದೆ. ಬೇರೆ ಪದ ಸಿಗಲಿಲ್ಲ.

ನೀವು ಕೇಳಬಹುದು, ಇದರಲ್ಲೇನು ಪವಾಡ ಎಂದು. ನಾನೂ ಅದನ್ನೇ ಹೇಳುತ್ತೇನೆ. ಪುರಾವೆ ಕೇಳುವುದನ್ನು ನಮಗೆಲ್ಲ ಕಲಿಸಿದವರೇ ಮೇಷ್ಟ್ರು. ಅವರೊಳಗಿನ ಸಂಶಯ ಕುರ್ಚಿಯಲ್ಲಿ ಕೂತು ಮಾತಾಡಿತು, ಅಷ್ಟೇ. ಆದರೆ ಆ ದಿನ ಮೇಷ್ಟ್ರಿಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಸಿರಿಂಜ್ ತುಂಬಿಕೊಂಡಿದ್ದರು. ಆ ಮುಖವನ್ನು ನಾನು ನೋಡಿದ್ದೇನೆ. ಅದು ಪ್ರಶ್ನೆ ಕೇಳಿದವರ ಮುಖವಲ್ಲ, ಕೇಳಿಸಿಕೊಂಡವರ ಮುಖ.

ಅಧ್ಯಕ್ಷರು ಬದುಕಿದರು. ತಲೆ ಸೊಟ್ಟಗೇ ಉಳಿಯಿತು. ಸೊಟ್ಟ ಲೋಕದಲ್ಲೇ ನೆಟ್ಟಗೆ ಓಡಾಡುವುದನ್ನು ಕಲಿತರು. ನಾನು ಕಾನೂನು ಓದಲು ಸೇರಿದೆ, ಮೇಷ್ಟ್ರ ಮನೆಗೆ ಹೋಗುವುದು ಕಡಿಮೆಯಾಯಿತು.

ಈ ವರ್ಷ ಅವರ ತಮ್ಮನ ಮಗ ಫೋನ್ ಮಾಡಿದ. ದೊಡ್ಡಪ್ಪ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಾರೆ, ಇನ್ನೊಂದು ಸುತ್ತು ಔಷಧಕ್ಕೆ ಒಪ್ಪುತ್ತಿಲ್ಲ, “ನೀವು ಬಂದು ವಾದ ಮಾಡಿ ಒಪ್ಪಿಸ್ಬೇಕು, ನಿಮ್ಮ ಮಾತು ಕೇಳ್ತಾರೆ” ಎಂದ. ಆಟೋದಲ್ಲಿ ಹೋಗುವಾಗಲೇ ಪಾಯಿಂಟ್ ಜೋಡಿಸಿಕೊಂಡೆ. ಮಂಚದ ಪಕ್ಕ ಒಂದು ಸ್ಟೂಲಿತ್ತು. ನಾನು ಕೂರಲಿಲ್ಲ. ಯಾಕೋ ಗೊತ್ತಿಲ್ಲ.

ಅವರ ಕೈ ಮೂಳೆಯಷ್ಟೇ ಆಗಿತ್ತು. “ಬಂದ್ಯಾ ಲಾಯರಮ್ಮ. ಶುರು ಮಾಡು. ನೀನು ಪರ” ಅಂದರು.

ಜೋಡಿಸಿಕೊಂಡ ಪಾಯಿಂಟುಗಳನ್ನೆಲ್ಲ ಬದಿಗಿಟ್ಟೆ. “ಇವತ್ತು ನಾನು ಮಾತಾಡಲ್ಲ ಸರ್. ನಿಮ್ಮ ಸರದಿ. ಔಷಧ ತಗೊಳ್ಳೋಕೆ ಇಷ್ಟ ಇಲ್ವಾ?”

ಆಮೇಲೆ ಕಾದೆ. ಕಾರಿಡಾರಿನಲ್ಲಿ ಟ್ರಾಲಿ ಹೋಯಿತು. ತಮ್ಮನ ಮಗ ಏನೋ ಹೇಳಲು ಬಾಯಿ ತೆರೆದ, ನಾನು ಕೈ ಎತ್ತಿ ತಡೆದೆ.

“ಬೇಡ ಅಂತಲ್ಲ” ಅಂದರು ಮೇಷ್ಟ್ರು. “ಆದ್ರೆ...”

ಅಲ್ಲಿಗೆ ತಡೆದು ನಿಂತರು. ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡವರ ಹಾಗೆ ಕಣ್ಣು ಅಗಲವಾದವು. ಎರಡು ಬೆರಳು ಹೊದಿಕೆಯ ಮೇಲೆ ಎದ್ದು ಗಾಳಿಯಿಂದ ಏನನ್ನೋ ಹೆಕ್ಕಿದವು. ನಕ್ಕರು. ಆ ನಗುವನ್ನು ನಾನು ಅವರಲ್ಲಿ ಹಿಂದೆ ಕಂಡಿರಲಿಲ್ಲ.

“ಆದ್ರೆ ಮೊದಲು ಸ್ವಲ್ಪ ಹೊತ್ತು ಸುಮ್ನೆ ನನ್ನ ಹತ್ರ ಕೂತ್ಕೋ. ಇಷ್ಟೇ ಮಾರಾಯ್ತಿ. ಇಷ್ಟೇ ಇದ್ದಿದ್ದು.”

ನೋಡುತ್ತಿದ್ದದ್ದು ನನ್ನನ್ನಲ್ಲ. ಸ್ಟೂಲನ್ನು.

ಔಷಧ ತಗೊಂಡರು. ಅದು ಫಲಿಸಲಿಲ್ಲ.

ಮೊಲವನ್ನು ತಮ್ಮನ ಮಗ ಬೇಡವೆಂದ. ಆ ಸೊಟ್ಟ ಕಣ್ಣು ನೋಡಿದರೆ ಮನೆಯಲ್ಲಿ ಮಕ್ಕಳು ಹೆದರುತ್ತಾರಂತೆ. ನಾನು ಮನೆಗೆ ತಂದೆ. ಹಸಿರು ಕುರ್ಚಿ ತರಲಿಲ್ಲ. ನಮ್ಮ ಮನೆಯಲ್ಲಿ ಖಾಲಿ ಕುರ್ಚಿ ಅನ್ನುವ ವಸ್ತುವೇ ಇಲ್ಲ. ಎಲ್ಲದರ ಮೇಲೂ ಅಮ್ಮ ಒಗೆದ ಬಟ್ಟೆ ಪೇರಿಸಿಟ್ಟಿರುತ್ತಾಳೆ. ಇನ್ನು ಆ ಕಥೆ ಮುಗಿಯಿತು ಅಂದುಕೊಂಡೆ.

ಮೊನ್ನೆ ಭಾನುವಾರ ಮಧ್ಯಾಹ್ನ ಇದನ್ನು ಬರೆಯುತ್ತ ಕೂತಿದ್ದೆ. ವಯಸ್ಸಾದ ಅಧ್ಯಕ್ಷರು ನಡುಮನೆಯಲ್ಲಿ ಒರಗಿದ್ದರು. ಕಾರ್ಖಾನೆಯ ಶಿಫ್ಟ್ ಸೈರನ್ ಆಯಿತು. ಬಲಗಿವಿ ಎದ್ದು ಕಿಟಕಿ ಪಕ್ಕದ ಕುರ್ಚಿಯ ಕಡೆ ತಿರುಗಿ ನಿಂತಿತು. ತುಸು ಹೊತ್ತಾದ ಮೇಲೆ ಟಿವಿ ಪಕ್ಕದ ಕುರ್ಚಿಯ ಕಡೆ ಹೋಯಿತು. ಮತ್ತೆ ಕಿಟಕಿ ಕಡೆ. ಅವಸರವಿಲ್ಲದೆ, ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ಲಯದಲ್ಲಿ. ಫ್ಯಾನ್ ಆರಿಸಿದೆ. ನಲ್ಲಿ ಬಿಗಿ ಮಾಡಿದೆ. ಗೋಡೆಯ ಮೇಲೆ ಹಲ್ಲಿ ಹುಡುಕಿದೆ. ಕಿವಿ ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ಕಾರಣ ಇದ್ದೇ ಇದೆ, ಹುಡುಕುತ್ತಿದ್ದೇನೆ.

ಅದು ಸಿಗುವವರೆಗೆ ಇರಲಿ ಎಂದು ಆ ಎರಡು ಕುರ್ಚಿಗಳ ಮೇಲಿದ್ದ ಬಟ್ಟೆ ತೆಗೆದು ಮಂಚದ ಮೇಲೆ ಹಾಕಿದೆ. ಅಮ್ಮ ಅಡುಗೆಮನೆಯಿಂದ ಇಣುಕಿದಳು.

“ಯಾರು ಬರ್ತಾರೆ ಅಂತ ಕುರ್ಚಿ ಖಾಲಿ ಮಾಡ್ತಿದೀಯೇ?”

“ಯಾರೂ ಇಲ್ಲ.”

“ಮತ್ತೆ ಎರಡು ಯಾಕೆ?”

ಬಾಯಿಗೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದೆ. ಅಧ್ಯಕ್ಷರ ಕಿವಿ ಇನ್ನೂ ಕಿಟಕಿಯ ಕಡೆಗೇ ಇತ್ತು. ಮೇಷ್ಟ್ರ ಹೆಂಡತಿಯ ಸರದಿ ಮುಗಿದಿರಲಿಲ್ಲ.